ನೆಂಟರು ಹೋದ ಮೇಲಿನ ಮನೆ



2021ರ ಜನವರಿ 21ರ ರಾತ್ರಿ ನೀವು ಎಲ್ಲಿದ್ದಿರಿ ಎಂದು ಕೇಳಿದರೆ ಕುಂಸಿಯ ಈ ಸಭೆಯಲ್ಲಿ ಮರೆತವರು ಯಾರೂ ಸಿಗಲಾರರು. ಹುಣಸೋಡಿನ ಕ್ವಾರಿ ಬಳಿ ಜಿಲೆಟಿನ್ ತುಂಬಿದ್ದ ಲಾರಿ ಸಿಡಿಯಿತು. ಶಿವಮೊಗ್ಗದವರಷ್ಟೇ ಅಲ್ಲ, ಚಿಕ್ಕಮಗಳೂರು, ದಾವಣಗೆರೆ ಕಡೆಯವರೂ ಭೂಕಂಪವೆಂದು ಹೊರಗೆ ಓಡಿಬಂದರು. ಕೂಲಿಗೆ ಬಂದವರ ಜೀವ ಹೋಯಿತು. ಮಂತ್ರಿಗಳು ಬಂದರು, ಟಿವಿಯವರು ಬಂದರು, ವಾರದೊಳಗೆ ಹೋದರು. ಬಿರುಕು ಬಿಟ್ಟ ಗೋಡೆಗೆ ಸಿಮೆಂಟು ಮೆತ್ತಿದ್ದೂ ಆಯಿತು. ಆದರೆ ಬಾಗಿಲು ದಡಾರೆಂದರೆ ಎದೆ ಹಾರುವುದು, ಮಗು ನಿದ್ದೆಯಲ್ಲಿ ಚೀರಿ ಏಳುವುದು, ಇದನ್ನು ಯಾವ ಪಂಚನಾಮೆಯಲ್ಲಿ ಬರೆಯುತ್ತಾರೆ?

ಸಾವಿನ ಮನೆಯನ್ನು ನೆನಪಿಸಿಕೊಳ್ಳಿ. ಮೊದಲ ದಿನ ಅಂಗಳ ತುಂಬ ಜನ. ಅಕ್ಕಪಕ್ಕದವರೇ ಗಂಜಿ ಮಾಡಿ ತರುತ್ತಾರೆ. ತಿಥಿ ಮುಗಿದು ನೆಂಟರೆಲ್ಲ ಬಸ್ಸು ಹತ್ತಿದ ಸಂಜೆ ಮನೆ ಬಿಕೋ ಎನ್ನುತ್ತದಲ್ಲ, ನಿಜವಾದ ದುಃಖ ಒಳಗೆ ಬರುವುದು ಆಗ. ಊರಿಗೆ ಊರೇ ನೊಂದಾಗಲೂ ಹೀಗೇ.

ದುರಂತವಾದ ಕೂಡಲೇ ಆತ್ಮಹತ್ಯೆ ಹೆಚ್ಚುತ್ತದೆ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. 1998ರಲ್ಲಿ ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಸಂಶೋಧಕರು ಹಾಗೇ ಬರೆದಿದ್ದರು. ಒಂದು ವರ್ಷದ ಲೆಕ್ಕ ಎರಡು ಸಲ ಸೇರಿಹೋಗಿತ್ತೆಂದು ಗೊತ್ತಾಗಿ, ಆ ಸಂಶೋಧಕರೇ ಮರುವರ್ಷ ಮಾತನ್ನು ಹಿಂದಕ್ಕೆ ಪಡೆದರು. ಜಪಾನಿನಲ್ಲಿ 2011ರ ಸುನಾಮಿಯ ನಂತರ ಮಿಯಾಗಿ ಪ್ರಾಂತ್ಯದಲ್ಲಿ ಕಂಡದ್ದು ಬೇರೆ: ಹೆಚ್ಚು ಪೆಟ್ಟು ತಿಂದ ಊರುಗಳಲ್ಲಿ ಗಂಡಸರ ಆತ್ಮಹತ್ಯೆ ಮೊದಲು ಇಳಿಯಿತು, ಕೆಲವು ವರ್ಷ ಕಳೆದ ಮೇಲೆ ಏರಿತು. ಎಲ್ಲರೂ ಒಂದೇ ಒಲೆಯ ಅನ್ನ ಉಣ್ಣುವಷ್ಟು ದಿನ ಜೀವ ಒಂದಕ್ಕೊಂದು ಆತುಕೊಂಡಿರುತ್ತದೆ. ಕಳಚಿಕೊಳ್ಳುವುದು ಆಮೇಲೆ.

ಇನ್ನು ಶಬ್ದವೇ ಇಲ್ಲದೆ ಬಂದ ದುರಂತದ ಮಾತು. ಅದಕ್ಕಾಗಿಯೇ ನಾನು ಇಲ್ಲಿಗೆ ಬಂದದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ಶರಾವತಿಯ ನೀರು ಸುಮಾರು 300 ಚದರ ಕಿಲೋಮೀಟರ್ ನೆಲವನ್ನು ನುಂಗಿತು. ಸಾಗರ, ಹೊಸನಗರ ಸೀಮೆಯ ಗದ್ದೆ, ತೋಟ, ದೇವರ ಬನ ನೀರೊಳಗೆ ಹೋದವು. ಲಾರಿಯಲ್ಲಿ ಪಾತ್ರೆಪಗಡಿ, ದನಕರು ತುಂಬಿಕೊಂಡು ಬಂದವರನ್ನು ಶಿವಮೊಗ್ಗ ತಾಲ್ಲೂಕಿನ ಕಾಡಂಚಿನಲ್ಲೂ ಇಳಿಸಿದರು. ಅವರನ್ನು ಇವತ್ತಿಗೂ ‘ಮುಳುಗಡೆಯವರು’ ಎಂದೇ ಕರೆಯುತ್ತೇವೆ. ಮೂರನೆಯ ತಲೆಮಾರಿನ ಹುಡುಗನಿಗೂ ಅದೇ ಹೆಸರು. ಕಾದಂಬರಿಕಾರ ನಾ. ಡಿಸೋಜರು ಶರಾವತಿ ಯೋಜನೆಯ ಕಡತಗಳ ನಡುವೆಯೇ ಕೆಲಸ ಮಾಡಿದವರು. ‘ಮುಳುಗಡೆ’, ‘ದ್ವೀಪ’ ಬರೆಯದಿದ್ದರೆ ಆ ಸಂಕಟ ನಾಡಿನ ಕಿವಿಗೆ ಬೀಳುತ್ತಿತ್ತೋ ಇಲ್ಲವೋ.

ಈ ನಷ್ಟಕ್ಕೆ ಕೊನೆಯ ದಿನವೆಂಬುದಿಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮಡೆನೂರಿನ ಹಳೆಯ ಅಣೆಕಟ್ಟು ತಲೆ ಎತ್ತುತ್ತದೆ. ಅದನ್ನು ನೋಡಲು ಪ್ರವಾಸಿಗರು ಹೋಗುತ್ತಾರೆ. ತಮ್ಮ ಮನೆಯ ಅಡಿಪಾಯ ಎಲ್ಲಿತ್ತೆಂದು ಹುಡುಕಲು ಮುದುಕರೂ ಹೋಗುತ್ತಾರೆ. ಇತ್ತ ಉಳುತ್ತಿರುವ ಭೂಮಿಗೆ ಹಕ್ಕುಪತ್ರವಿಲ್ಲ. ಕೊಟ್ಟಂತಾಗಿದ್ದ ಭೂಮಿಯೂ 2021ರಲ್ಲಿ ಹೈಕೋರ್ಟ್ ತೀರ್ಪಿನಿಂದ ಮತ್ತೆ ಅರಣ್ಯದ ಲೆಕ್ಕಕ್ಕೆ ಹೋಯಿತು. 2022ರ ನವೆಂಬರಿನಲ್ಲಿ ಪಕ್ಕದ ಆಯನೂರಿನಿಂದ ಶಿವಮೊಗ್ಗಕ್ಕೆ ಪಾದಯಾತ್ರೆ ನಡೆದದ್ದನ್ನು ನೀವೇ ಕಂಡಿದ್ದೀರಿ. ನಾಳೆ ಯಾರಾದರೂ ಎಬ್ಬಿಸಿಯಾರು ಎಂಬ ಭಯದಲ್ಲಿ ಅರವತ್ತು ವರ್ಷ ಮಲಗಿದವರಿಗೆ ನಿದ್ದೆ ಹತ್ತುವುದಿಲ್ಲ ಎಂದರೆ, ಬರೀ ಮಾತ್ರೆ ಬರೆದುಕೊಟ್ಟು ಕಳಿಸುವುದು ನನಗೆ ಒಪ್ಪಿಗೆಯಿಲ್ಲ. ಹಕ್ಕುಪತ್ರವೂ ಔಷಧವೇ.

ಭದ್ರಾವತಿಯದೂ ಇದೇ ಕಥೆ. 2015ರಲ್ಲಿ ಕಾಗದ ಕಾರ್ಖಾನೆ ನಿಂತಿತು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆ ಮುಚ್ಚುವ ಸುದ್ದಿ ಬಂದು ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಸೈರನ್ನಿಗೆ ಎದ್ದು ಶಿಫ್ಟಿಗೆ ಹೋಗುತ್ತಿದ್ದವನಿಗೆ ಬೆಳಗ್ಗೆ ಏಳಲು ಕಾರಣವೇ ಇಲ್ಲದಂತಾದರೆ ಅದಕ್ಕೆ ಯಾವ ಪರಿಹಾರ ಕೇಂದ್ರ ತೆರೆಯುತ್ತಾರೆ? ಕೊರೊನಾ ಕಾಲದ ಅಂಕಿಯನ್ನೂ ಹೇಳಿಬಿಡುತ್ತೇನೆ. ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 2019ರಲ್ಲಿ 1,39,123, 2021ರಲ್ಲಿ 1,64,033. ಆ ವರ್ಷ ನಾಲ್ವರಲ್ಲಿ ಒಬ್ಬರು ದಿನಗೂಲಿಯವರು. ಎಲ್ಲವೂ ಕೊರೊನಾದಿಂದಲೇ ಎನ್ನುವಂತಿಲ್ಲ. ಆದರೆ ಕೂಲಿ ನಿಂತ ಮನೆಯಲ್ಲಿ ಏನಾಗುತ್ತದೆಂದು ತಿಳಿಯಲು ನಮಗೆ ಅಂಕಿ ಬೇಕಿಲ್ಲ.

ದುರಂತವಾದಲ್ಲಿ ಮನಸ್ಸಿಗೂ ಆರೈಕೆ ಬೇಕೆಂಬುದು ನಮ್ಮ ರಾಜ್ಯಕ್ಕೆ ಹೊಸದಲ್ಲ. 1981ರ ಫೆಬ್ರುವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು ಮಕ್ಕಳೇ ಹೆಚ್ಚಾಗಿ ಸತ್ತಾಗ, ನಿಮ್ಹಾನ್ಸ್‌ನವರು ಆ ತಾಯಿತಂದೆಯರ ದುಃಖವನ್ನು ಅಧ್ಯಯನ ಮಾಡಿದರು. ನಮ್ಮ ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ ಪೈ ಅವರಂತೂ ಲೇಖನ ಬರೆದು, ‘ಕಾಡಿನ ಬೆಂಕಿ’ಯಂಥ ಸಿನಿಮಾ ಮಾಡಿ, ಮನಸ್ಸಿನ ಕಾಯಿಲೆ ಎಂದರೆ ಹುಚ್ಚಲ್ಲ ಎಂಬುದನ್ನು ಹಳ್ಳಿಯವರಿಗೂ ಮುಟ್ಟಿಸಲು ದುಡಿದರು.

ಹಾಗಾದರೆ ನಾವು ಮಾಡುವುದೇನು? ನೊಂದವರ ಮನೆಗೆ ಆರು ತಿಂಗಳ ಮೇಲೆ ಹೋಗಿ. ವರ್ಷದ ದಿನ ಹೋಗಿ. ‘ಮರೆತುಬಿಡಿ’ ಎನ್ನಬೇಡಿ, ಅವರು ಹೇಳಲಿ, ನೀವು ಕೂತು ಕೇಳಿ. ಊಟ ಸೇರದೆ, ಯಾರೊಂದಿಗೂ ಬೆರೆಯದೆ, ‘ನಾನಿದ್ದು ಏನು ಪ್ರಯೋಜನ’ ಎನ್ನುವವರಿದ್ದರೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಎಷ್ಟೋ ಸಲ ಕಟ್ಟಿಕೊಂಡಿದ್ದ ಉಸಿರು ಬಿಡುತ್ತಾರೆ. ಅವರನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಜೀವ ಕಳೆದುಕೊಳ್ಳಲು ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ನೋಡುತ್ತದೆ. ಕೇಸಿನ ಭಯಕ್ಕೆ ಮುಚ್ಚಿಡಬೇಡಿ.

14416. ಇದು ಟೆಲಿ ಮಾನಸ್, ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಈಗಲೇ ಫೋನಿನಲ್ಲಿ ಬರೆದಿಟ್ಟುಕೊಳ್ಳಿ, ನಾನು ಕಾಯುತ್ತೇನೆ. ಪ್ರಶ್ನೆಗಳಿದ್ದರೆ ಕೇಳಿ. ಎಲ್ಲರ ಮುಂದೆ ಕೇಳಲಾಗದ್ದಿದ್ದರೆ, ಕೊನೆಯ ಬಸ್ಸು ಬರುವವರೆಗೂ ನಾನು ಹೊರಗೆ ಜಗಲಿಯ ಮೇಲೆ ಕೂತಿರುತ್ತೇನೆ.