ವಾರ್ಡಿನ ಸದಸ್ಯರು ಮತ್ತು ನಮ್ಮ ರಸ್ತೆ



ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ದಾವಣಗೆರೆಯ ಶಾಮನೂರು ರಸ್ತೆಯನ್ನು ನೋಡಬೇಕು. ಎಸ್.ಎಸ್. ಬಡಾವಣೆಯ ಅಡ್ಡರಸ್ತೆಗಳಿಂದ ಸ್ಕೂಟರುಗಳು ಒಂದರ ಹಿಂದೊಂದು ಬಂದು ಸೇರಿಕೊಳ್ಳುತ್ತವೆ. ಮಕ್ಕಳನ್ನು ತುಂಬಿಕೊಂಡ ಆಟೊಗಳು, ಬಿ.ಐ.ಇ.ಟಿ. ಎಂಜಿನಿಯರಿಂಗ್ ಕಾಲೇಜಿಗೆ ನಡೆದು ಹೊರಟ ವಿದ್ಯಾರ್ಥಿಗಳು, ಸೊಪ್ಪಿನ ತಳ್ಳುಗಾಡಿಯವರು, ಬಸ್ಸಿಗೆ ಕಾದು ನಿಂತವರು, ಎಲ್ಲರಿಗೂ ಅದೇ ರಸ್ತೆ. ಇಲ್ಲೊಂದು ಗುಂಡಿ ಬಿದ್ದರೆ, ದೀಪ ಕೆಟ್ಟರೆ, ಬಸ್ಸು ನಿಲ್ಲಿಸದೆ ಹೋದರೆ ಜನ ಮೊದಲು ಫೋನ್ ಮಾಡುವುದು ತಮ್ಮ ಕಾರ್ಪೊರೇಟರಿಗೆ. "ಅಣ್ಣಾರೇ, ಕಂಬದ ಲೈಟ್ ಹೋಗಿ ವಾರ ಆತು, ಸ್ವಲ್ಪ ನೋಡ್ರಿ" ಎನ್ನುತ್ತಾರೆ. ಆ ಫೋನ್ ಕರೆ ಆದಮೇಲೆ ಏನೇನು ನಡೆಯುತ್ತದೆ, ಪಾಲಿಕೆ ಸದಸ್ಯರ ಕೈಯಲ್ಲಿ ಏನಿದೆ, ಏನಿಲ್ಲ, ಜನರಾದ ನಾವು ಅವರಿಂದ ಕೆಲಸ ಪಡೆಯುವುದು ಹೇಗೆ ಎಂಬುದನ್ನು ಇವತ್ತು ನೋಡೋಣ.

ಮೊದಲು ಆ ರಸ್ತೆಯನ್ನೇ ತೆಗೆದುಕೊಳ್ಳಿ. ಓಡಾಡುವ ನಮಗೆ ಅದು ಒಂದೇ ರಸ್ತೆ. ಕಚೇರಿಗಳ ಲೆಕ್ಕದಲ್ಲಿ ಅದಕ್ಕೆ ಹಲವು ಯಜಮಾನರು. ಬಡಾವಣೆಯ ಡಾಂಬರು ಮತ್ತು ಚರಂಡಿ ಮಹಾನಗರ ಪಾಲಿಕೆಯದು. ವಿದ್ಯುತ್ ಕಂಬ ಮತ್ತು ತಂತಿ ಬೆಸ್ಕಾಂನದು, ಅದೇ ಕಂಬದ ಮೇಲಿನ ಬೀದಿದೀಪ ಪಾಲಿಕೆಯದು. ತಂತಿಗೆ ತಾಗಿದ ಮರದ ಕೊಂಬೆ ಕಡಿಯಬೇಕಾದರೆ ಬೆಸ್ಕಾಂ ಜೊತೆಗೆ ಅರಣ್ಯ ಇಲಾಖೆಯನ್ನೂ ಕೇಳಬೇಕಾಗುತ್ತದೆ. ವಾಹನ ನಿಯಂತ್ರಣ ಸಂಚಾರಿ ಪೊಲೀಸರ ಕೆಲಸ. ಸರ್ಕಾರಿ ಬಸ್ಸು ಕೆ.ಎಸ್.ಆರ್.ಟಿ.ಸಿ.ಯದು, ಖಾಸಗಿ ಬಸ್ಸಿಗೆ ಪರ್ಮಿಟ್ ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಊರಾಚೆಯ ಬೈಪಾಸ್ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರಕ್ಕೆ ಸೇರಿದ್ದು. ಊರಿನ ನಡುವೆ ಹಾದುಹೋಗುವ ಹಳಿ ನೈಋತ್ಯ ರೈಲ್ವೆಯ ಮೈಸೂರು ವಿಭಾಗದ್ದು. ಈ ಎಲ್ಲ ಕಚೇರಿಗಳಿಗೂ ತಮ್ಮ ತಮ್ಮ ಪಾಲು ಮಾತ್ರ ಗೊತ್ತು. ಇಡೀ ಬೀದಿಯ ಹೆಸರಿನಲ್ಲಿ ವೋಟು ಕೇಳಿ, ಇಡೀ ಬೀದಿಗೆ ಉತ್ತರ ಹೇಳಬೇಕಾದವರು ವಾರ್ಡಿನ ಸದಸ್ಯರೊಬ್ಬರೇ. ಈ ಎಲ್ಲ ಕಚೇರಿಗಳನ್ನು ಒಂದು ಜಾಗಕ್ಕೆ ಕರೆತಂದು ನಿಲ್ಲಿಸುವುದೇ ಅವರ ಕೆಲಸದ ತಿರುಳು ಎಂದು ನಾನು ನಂಬಿದ್ದೇನೆ.

ಈ ಸ್ಥಾನಕ್ಕೆ ಕಾನೂನಿನ ಬಲವಿದೆ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ನಗರಾಡಳಿತಕ್ಕೆ ಐದು ವರ್ಷದ ಅವಧಿ, ಅದು ಮುಗಿಯುವ ಮೊದಲೇ ಚುನಾವಣೆ, ಮಹಿಳೆಯರಿಗೆ ಕನಿಷ್ಠ ಮೂರನೇ ಒಂದು ಭಾಗ ಸ್ಥಾನ ಎಂಬುದೆಲ್ಲ ಅದರಿಂದ ಬಂದದ್ದು. ನಮ್ಮ ರಾಜ್ಯದಲ್ಲಿ ಪಾಲಿಕೆಗಳು ನಡೆಯುವುದು 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯಂತೆ. ದಾವಣಗೆರೆ 1997ರ ಆಗಸ್ಟ್ 15ರಂದು ಜಿಲ್ಲೆಯಾಯಿತು. 2007ರ ಜನವರಿಯಲ್ಲಿ ಇಲ್ಲಿನ ನಗರಸಭೆ ಮಹಾನಗರ ಪಾಲಿಕೆಯಾಯಿತು. 2019ರ ನವೆಂಬರ್‌ನಲ್ಲಿ ಚುನಾವಣೆ ನಡೆದದ್ದು 45 ವಾರ್ಡುಗಳಿಗೆ. ಪಕ್ಕದ ಹರಿಹರದಲ್ಲಿರುವುದು ನಗರಸಭೆ. ಅದಕ್ಕೆ 1964ರ ಪುರಸಭೆಗಳ ಕಾಯ್ದೆ ಅನ್ವಯಿಸುತ್ತದೆ.

ಪೌರ ನಿಗಮಗಳ ಕಾಯ್ದೆಯ 58ನೇ ಸೆಕ್ಷನ್ ಪಾಲಿಕೆ ಮಾಡಲೇಬೇಕಾದ ಕೆಲಸಗಳನ್ನು ಪಟ್ಟಿ ಮಾಡುತ್ತದೆ. ಬೀದಿ ಗುಡಿಸುವುದು, ದೀಪ ಉರಿಸುವುದು, ರಸ್ತೆ ಮತ್ತು ಚರಂಡಿ ದುರಸ್ತಿ, ರಸ್ತೆಗೆ ಚಾಚಿದ ಅಡೆತಡೆಗಳ ತೆರವು, ಇವೆಲ್ಲ ಅದರಲ್ಲಿವೆ. ಇವು ಯಾರೋ ದೊಡ್ಡ ಮನಸ್ಸು ಮಾಡಿ ಕೊಡುವ ಉಪಕಾರಗಳಲ್ಲ, ಪಾಲಿಕೆಯ ಕರ್ತವ್ಯಗಳು. ಸದಸ್ಯರು ಮಾತ್ರ ತಾವೇ ಸಹಿ ಹಾಕಿ ಯಾವ ಕೆಲಸಕ್ಕೂ ಆದೇಶ ಕೊಡಲಾರರು. ಆದೇಶ ಹೊರಡುವುದು ಆಯುಕ್ತರಿಂದ. ಸದಸ್ಯರಿಗಿರುವುದು ಸಭೆಯಲ್ಲಿ ಮಾತು, ಮತ ಮತ್ತು ಬಜೆಟ್ಟಿನ ಮೇಲೆ ಹಿಡಿತ. ತೆರಿಗೆ ಮತ್ತು ಹಣಕಾಸು, ಆರೋಗ್ಯ ಮತ್ತು ಶಿಕ್ಷಣ, ನಗರ ಯೋಜನೆ, ಲೆಕ್ಕಪತ್ರ ಎಂದು ನಾಲ್ಕು ಸ್ಥಾಯಿ ಸಮಿತಿಗಳಿವೆ. ಯಾವ ರಸ್ತೆಗೆ ಈ ವರ್ಷ ದುಡ್ಡು, ಯಾವುದಕ್ಕೆ ಮುಂದಿನ ವರ್ಷ ಎಂಬ ಮಾತು ಪಕ್ವವಾಗುವುದು ಅಲ್ಲಿ.

ಈಗ ಸಾರಿಗೆಯ ವಿಷಯಕ್ಕೆ ಬರೋಣ. ಬಡಾವಣೆಗೆ ಒಂದು ಬಸ್ ಸ್ಟಾಪ್ ಬೇಕು ಎಂದಿಟ್ಟುಕೊಳ್ಳಿ. ಬಸ್ಸು ಪಾಲಿಕೆಯದಲ್ಲ, ಹಾಗಾಗಿ ಸದಸ್ಯರಿಗೆ ಇದರಲ್ಲಿ ಏನೂ ಕೆಲಸವಿಲ್ಲ ಎಂದು ಹಲವರು ತಿಳಿದಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 117ನೇ ಸೆಕ್ಷನ್ ಪ್ರಕಾರ ವಾಹನ ನಿಲುಗಡೆಯ ಜಾಗಗಳನ್ನೂ ಬಸ್ಸು ನಿಲ್ಲುವ ಸ್ಥಳಗಳನ್ನೂ ಗೊತ್ತುಪಡಿಸುವಾಗ ಆ ಪ್ರದೇಶದ ಸ್ಥಳೀಯ ಸಂಸ್ಥೆಯ ಜೊತೆ ಸಮಾಲೋಚಿಸಬೇಕು. ಸದಸ್ಯರಿಗೆ ಬಾಗಿಲು ತೆರೆಯುವುದು ಇಲ್ಲೇ. ಪಾಲಿಕೆ ಸಭೆಯಲ್ಲಿ ನಿರ್ಣಯ ಮಾಡಿಸಿ, ಅದನ್ನು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೂ ಕೆ.ಎಸ್.ಆರ್.ಟಿ.ಸಿ.ಯ ವಿಭಾಗೀಯ ನಿಯಂತ್ರಣಾಧಿಕಾರಿಗೂ ಕಳಿಸಬಹುದು. ತಂಗುದಾಣ ಕಟ್ಟುವುದು, ಅದರ ಮುಂದೆ ವಾಹನ ನಿಲ್ಲದಂತೆ ನೋಡಿಕೊಳ್ಳಲು ಪೊಲೀಸರನ್ನು ಒಪ್ಪಿಸುವುದು, ರಾತ್ರಿ ಅಲ್ಲೊಂದು ದೀಪ ಉರಿಯುವಂತೆ ಮಾಡುವುದು, ಇವೂ ಅದೇ ಕೆಲಸದ ಭಾಗ. ದೀಪವಿಲ್ಲದ ತಂಗುದಾಣದಲ್ಲಿ ಕತ್ತಲಾದ ಮೇಲೆ ಹೆಣ್ಣುಮಕ್ಕಳು ನಿಲ್ಲುವುದಿಲ್ಲ. ಅವರು ನಿಲ್ಲದಿದ್ದರೆ "ಜನ ಇಲ್ಲ" ಎಂದು ಬಸ್ಸೂ ನಿಲ್ಲುವುದಿಲ್ಲ.

ದಾವಣಗೆರೆಯಲ್ಲಿ ಸರ್ಕಾರಿ ಬಸ್ಸುಗಳ ಜೊತೆಗೆ ಖಾಸಗಿ ಬಸ್ಸುಗಳೂ ಬಹಳ ಹಿಂದಿನಿಂದ ಓಡುತ್ತಿವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಇದಕ್ಕೆ ಹೊಸ ಅರ್ಥ ಬಂದಿದೆ. ಮಹಿಳೆಯರಿಗೆ ಉಚಿತ ಪ್ರಯಾಣ ಇರುವುದು ಸಾರಿಗೆ ನಿಗಮಗಳ ಬಸ್ಸಿನಲ್ಲಿ ಮಾತ್ರ. ಖಾಸಗಿ ಬಸ್ಸಷ್ಟೇ ಬರುವ ಬಡಾವಣೆಯ ಹೆಣ್ಣುಮಕ್ಕಳಿಗೆ ಅದರ ಪ್ರಯೋಜನ ಮನೆ ಬಾಗಿಲಿಗೆ ಬರುವುದಿಲ್ಲ. ಮನೆಗೆಲಸಕ್ಕೆ ಹೋಗುವ ತಾಯಿ ಸರ್ಕಾರಿ ಬಸ್ಸು ಸಿಗುವ ಕಡೆಗೆ ನಡೆದು ಹೋಗಬೇಕು, ಇಲ್ಲವೇ ದುಡ್ಡು ಕೊಟ್ಟು ಹತ್ತಬೇಕು. ತನ್ನ ವಾರ್ಡಿನಲ್ಲಿ ಯಾವ ಬಸ್ಸು, ಎಷ್ಟು ಗಂಟೆಗೆ, ಯಾರಿಗೆ ಸಿಗುತ್ತಿದೆ ಎಂಬ ಸಣ್ಣ ಪಟ್ಟಿಯನ್ನು ಸದಸ್ಯರು ತಾವೇ ಮಾಡಿಟ್ಟುಕೊಂಡರೆ, ನಿಗಮದ ಕಚೇರಿಯಲ್ಲಿ ಅವರ ಮಾತಿಗೆ ತೂಕ ಬರುತ್ತದೆ. "ಬಸ್ಸು ಕಡಿಮೆ ಇವೆ" ಎಂಬ ದೂರನ್ನು ಬದಿಗಿಡುವುದು ಸುಲಭ. "ಸಂಜೆ ಐದರಿಂದ ಏಳರವರೆಗೆ ಈ ದಾರಿಯಲ್ಲಿ ಒಂದೂ ಸರ್ಕಾರಿ ಬಸ್ಸಿಲ್ಲ" ಎಂದರೆ ಅಧಿಕಾರಿ ಉತ್ತರ ಕೊಡಲೇಬೇಕಾಗುತ್ತದೆ.

ಜನ ಕೇಳಿದ್ದಕ್ಕೆಲ್ಲ ಹೂಂ ಎನ್ನುವುದು ಒಳ್ಳೆಯ ಸದಸ್ಯರ ಲಕ್ಷಣವಲ್ಲ. ರಸ್ತೆಯ ಹಂಪ್ಸ್ ವಿಚಾರ ನೋಡಿ. ಮನೆ ಮುಂದೆ ಬೈಕುಗಳು ಜೋರಾಗಿ ಹೋಗುತ್ತವೆ, ಒಂದು ಹಂಪ್ಸ್ ಹಾಕಿಸಿಕೊಡಿ ಎಂದು ಕೇಳದ ಬೀದಿಯೇ ಇಲ್ಲ. ಮಕ್ಕಳ ಮೇಲಿನ ಕಾಳಜಿಯಿಂದಲೇ ಕೇಳುತ್ತಾರೆ, ತಪ್ಪಿಲ್ಲ. ಆದರೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಹಂಪ್ಸ್‌ಗೆ ಒಂದು ಅಳತೆ ಹೇಳಿದೆ. ವಾಹನಗಳು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟುವಂತಿರಲು ಹಂಪ್ಸ್ 3.7 ಮೀಟರ್ ಅಗಲ ಇರಬೇಕು, ನಡುವೆ ಎತ್ತರ 10 ಸೆಂಟಿಮೀಟರ್ ಮಾತ್ರ, ಬಣ್ಣ ಬಳಿದಿರಬೇಕು, ಮುಂಚೆಯೇ ಸೂಚನಾ ಫಲಕ ಇರಬೇಕು. ನಮ್ಮ ಬೀದಿಗಳಲ್ಲಿ ರಾತ್ರೋರಾತ್ರಿ ಏಳುವ ಉಬ್ಬುಗಳಿಗೆ ಇದ್ಯಾವುದೂ ಇರುವುದಿಲ್ಲ. ಒಂದು ಮಾರು ಅಗಲವೂ ಇಲ್ಲದ ಚೂಪು ಉಬ್ಬು. ಹಿಂದೆ ಕೂತ ಗರ್ಭಿಣಿಗೆ, ಬೆನ್ನುನೋವಿನ ಹಿರಿಯರಿಗೆ, ಆಂಬುಲೆನ್ಸಿನಲ್ಲಿ ಮಲಗಿದ ರೋಗಿಗೆ ಅದು ಏಟು. ಆಗ ಸದಸ್ಯರು ಮತದಾರರ ಮುಖ ನೋಡಿಯೇ "ಇಲ್ಲಿ ಹಂಪ್ಸ್ ಬೇಡ, ಶಾಲೆಯ ಗೇಟಿನ ಮುಂದೆ ಅಳತೆ ಪ್ರಕಾರ ಒಂದು ಹಾಕಿಸೋಣ" ಎನ್ನಬೇಕು. ಹಾಗೆ ಹೇಳಲು ಧೈರ್ಯ ಬೇಕು. ಆ ಧೈರ್ಯಕ್ಕೆ ನಾವೂ ಬೆಂಬಲ ಕೊಡಬೇಕು.

ಇನ್ನೊಂದು ವಿಷಯ, ರಸ್ತೆ ಅಗೆಯುವುದು. ದಾವಣಗೆರೆ ಮತ್ತು ಹರಿಹರದಲ್ಲಿ ಜಲಸಿರಿ ಯೋಜನೆಯಡಿ ದಿನದ 24 ಗಂಟೆ ನೀರು ಕೊಡಲು ಪೈಪು ಹಾಕಿದ್ದಾರೆ. ಒಳ್ಳೆಯ ಯೋಜನೆ. ಆದರೆ ಪೈಪು ಹಾಕಲು ಅಗೆದ ರಸ್ತೆ ಹೇಗಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಕಾಂಕ್ರೀಟ್ ರಸ್ತೆಯ ನಡುವೆ ಒಂದೂವರೆ ಅಡಿ ಅಗಲದ ಸೀಳು, ಅದರ ಮೇಲೆ ಮಣ್ಣು. ಮೊದಲ ಮಳೆಗೆ ಮಣ್ಣು ಕುಸಿಯುತ್ತದೆ, ಬೈಕಿನ ಮುಂದಿನ ಚಕ್ರ ಅದರಲ್ಲಿ ಇಳಿಯುತ್ತದೆ. ಅಗೆದವರೇ ಮಣ್ಣನ್ನು ಪದರ ಪದರವಾಗಿ ನೀರು ಹಾಕಿ ದಿಮ್ಮಿಸಿ, ಮೇಲೆ ಕಾಂಕ್ರೀಟ್ ಮುಚ್ಚಬೇಕು. ಅದು ಆಗಿದೆಯೇ ಎಂದು ಕಿರಿಯ ಎಂಜಿನಿಯರ್ ಜೊತೆ ಬೀದಿಗೆ ಬಂದು ನಿಂತು ನೋಡುವ ಸದಸ್ಯರು ಬೇಕು. ಅದಕ್ಕಿಂತ ಮುಖ್ಯವಾದದ್ದು ಕೆಲಸದ ಸರದಿ. ಮೊದಲು ಒಳಚರಂಡಿ, ಆಮೇಲೆ ನೀರಿನ ಪೈಪು, ಕೇಬಲ್ಲು, ಕೊನೆಗೆ ರಸ್ತೆ. ಈ ಸರದಿ ತಪ್ಪಿದಾಗ ಹೊಸ ರಸ್ತೆ ಒಂದೇ ವರ್ಷದಲ್ಲಿ ಅಗೆತಕ್ಕೆ ಬೀಳುತ್ತದೆ. ನಾವು ಕಟ್ಟಿದ ತೆರಿಗೆ ಎರಡು ಸಲ ಖರ್ಚಾಗುತ್ತದೆ. ಸಭೆಯಲ್ಲಿ ಎದ್ದು ನಿಂತು "ಈ ರಸ್ತೆಗೆ ಡಾಂಬರು ಹಾಕುವ ಮೊದಲು ಬೇರೆ ಯಾವ ಇಲಾಖೆಯ ಕೆಲಸ ಬಾಕಿ ಇದೆ?" ಎಂದು ಕೇಳುವುದಕ್ಕೆ ಖರ್ಚೇನೂ ಇಲ್ಲ. ಉಳಿಯುವುದು ಲಕ್ಷಗಟ್ಟಲೆ.

ವಾರ್ಡಿನ ಗಡಿ ದಾಟಿದ ಸಮಸ್ಯೆಗಳೂ ಇವೆ. ಅಶೋಕ ಟಾಕೀಸ್ ಬಳಿಯ ರೈಲ್ವೆ ಗೇಟನ್ನು ದಾವಣಗೆರೆಯವರಿಗೆ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಬೆಂಗಳೂರು–ಹುಬ್ಬಳ್ಳಿ ಮಾರ್ಗದ ರೈಲುಗಳು ಹಾದುಹೋಗುವಾಗಲೆಲ್ಲ ಊರು ಎರಡು ಭಾಗವಾಗಿ ನಿಲ್ಲುತ್ತಿತ್ತು. ಮೇಲ್ಸೇತುವೆಯೋ ಕೆಳಸೇತುವೆಯೋ ಎಂಬ ಚರ್ಚೆಗೇ ದಶಕಗಳು ಹೋದವು. ಹಳಿ ರೈಲ್ವೆಯದು, ರಸ್ತೆ ಪಾಲಿಕೆಯದು, ಪಕ್ಕದ ಜಾಗ ಬೇರೆಯವರದು, ಮಳೆನೀರು ಹೊರಗೆ ಹೋಗಬೇಕಾದದ್ದು ಊರಿನ ಚರಂಡಿಗೆ. ಇಂಥ ಕಡೆ ಒಬ್ಬ ಸದಸ್ಯರ ದನಿ ಸಾಲದು. ಹತ್ತಾರು ವಾರ್ಡುಗಳ ಸದಸ್ಯರು ಪಕ್ಷ ಮರೆತು ಒಂದಾಗಬೇಕು, ಶಾಸಕರನ್ನೂ ಸಂಸದರನ್ನೂ ಜೊತೆಗೆ ಕರೆದುಕೊಳ್ಳಬೇಕು.

ಹರಿಹರದ ದಾರಿಯೂ ಹಾಗೆಯೇ. ಹದಿನಾಲ್ಕು ಹದಿನೈದು ಕಿಲೋಮೀಟರ್ ಅಂತರದ ಈ ಎರಡು ಊರುಗಳ ನಡುವೆ ದಿನವೂ ನೌಕರರು, ವಿದ್ಯಾರ್ಥಿಗಳು, ಕಾರ್ಖಾನೆಯ ಕಾರ್ಮಿಕರು ಓಡಾಡುತ್ತಾರೆ. ದಾವಣಗೆರೆ ಕುಡಿಯುವ ನೀರಿನ ಒಂದು ಪಾಲು ಹರಿಹರ ತಾಲ್ಲೂಕಿನ ರಾಜನಹಳ್ಳಿಯ ಬಳಿ ತುಂಗಭದ್ರೆಯಿಂದ ಎತ್ತಿದ್ದು. ಬಡಾವಣೆಗಳ ಯೋಜನೆಗೂ ದಾವಣಗೆರೆ–ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ ಎಂಬ ಒಂದೇ ಸಂಸ್ಥೆಯಿದೆ. ಜನರ ಬದುಕು ಒಂದಾಗಿರುವಾಗ ಪಾಲಿಕೆಯ ಸದಸ್ಯರೂ ನಗರಸಭೆಯ ಸದಸ್ಯರೂ ವರ್ಷಕ್ಕೆ ಒಂದೆರಡು ಸಲವಾದರೂ ಕೂತು ಬಸ್ಸು, ರಸ್ತೆ, ನೀರಿನ ಮಾತಾಡಬೇಡವೇ?

ಇಷ್ಟೆಲ್ಲ ಕೆಲಸವನ್ನು ಸದಸ್ಯರೊಬ್ಬರೇ ಹೊತ್ತುಕೊಳ್ಳಲಿ ಎಂದು ಸಂವಿಧಾನವೂ ಬಯಸಿಲ್ಲ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು ಎಂದು ಅದು ಹೇಳುತ್ತದೆ. 2011ರ ಜನಗಣತಿಯಲ್ಲೇ ದಾವಣಗೆರೆಯ ಜನಸಂಖ್ಯೆ ನಾಲ್ಕು ಲಕ್ಷ ದಾಟಿತ್ತು. ರಾಜ್ಯದ ಕಾನೂನಿನಂತೆ ಸದಸ್ಯರೇ ಈ ಸಮಿತಿಯ ಅಧ್ಯಕ್ಷರು, ಜೊತೆಗೆ ಹತ್ತು ಮಂದಿ ನಾಗರಿಕರು. ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು ಇರಬೇಕು. ಪಾರ್ಕಿನ ಜಾಗ ಒತ್ತುವರಿಯಾಗದಂತೆ ನೋಡುವುದಿರಲಿ, ತಳ್ಳುಗಾಡಿಯವರನ್ನು ಓಡಿಸದೆ ಅವರಿಗೊಂದು ಜಾಗ ಗುರುತಿಸುವುದಿರಲಿ, ಆಟೊ ಸ್ಟ್ಯಾಂಡ್ ಎಲ್ಲಿರಬೇಕು ಎಂಬುದಿರಲಿ, ನೆರೆಹೊರೆಯವರು ಎದುರುಬದುರು ಕೂತು ತೀರ್ಮಾನಿಸಲು ಇದಕ್ಕಿಂತ ಒಳ್ಳೆಯ ವೇದಿಕೆ ಇನ್ನೊಂದಿಲ್ಲ. ಬೀದಿಯ ವ್ಯಾಪಾರಿಗಳಿಗೂ 2014ರ ಕಾಯ್ದೆ ರಕ್ಷಣೆ ಕೊಟ್ಟಿದೆ ಎಂಬುದನ್ನು ಅಲ್ಲಿ ಯಾರಾದರೂ ನೆನಪಿಸಲೇಬೇಕು.

ಕೊನೆಯದಾಗಿ ಕೇಳುಗರಲ್ಲಿ ಒಂದು ವಿನಂತಿ. ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ. ದೀಪ ಕೆಟ್ಟಿದ್ದರೆ ಕಂಬದ ನಂಬರ್, ಗುಂಡಿಯಾಗಿದ್ದರೆ ಯಾವ ಅಡ್ಡರಸ್ತೆ, ಯಾವ ಮನೆಯ ಎದುರು ಎಂದು ಬರೆದು, ನಾಲ್ಕಾರು ನೆರೆಯವರ ಸಹಿ ಹಾಕಿಸಿ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಒಂದು ಪ್ರತಿಯನ್ನು ನಿಮ್ಮ ಸದಸ್ಯರ ಕೈಗೆ ಕೊಡಿ, ಸಭೆಯಲ್ಲಿ ಮಾತಾಡಲು ಅದು ಅವರಿಗೆ ಆಧಾರವಾಗುತ್ತದೆ. ಬಜೆಟ್‌ಗೆ ಮುಂಚೆ ಸಾರ್ವಜನಿಕರ ಸಲಹೆ ಕೇಳುವ ಸಭೆಗೆ ಹೋಗಿ. ವಾರ್ಡ್ ಸಮಿತಿ ಎಲ್ಲಿದೆ, ಯಾವಾಗ ಸೇರುತ್ತದೆ ಎಂದು ಕೇಳಿ. ಪಾಲಿಕೆಯ ಅವಧಿ ಮುಗಿದು ಆಡಳಿತಾಧಿಕಾರಿಯ ಕೈಗೆ ಹೋದಾಗ, ಚುನಾವಣೆ ಯಾವಾಗ ಎಂದು ಕೇಳುವುದನ್ನೂ ಬಿಡಬೇಡಿ. ನಮ್ಮ ಬೀದಿಗೆ ಹೊಣೆಯಾದ ಒಬ್ಬ ಪ್ರತಿನಿಧಿ ಇರುವುದು ನಮ್ಮ ಹಕ್ಕು. ಆ ಪ್ರತಿನಿಧಿಯಿಂದ ಕೆಲಸ ತೆಗೆದುಕೊಳ್ಳುವುದು ನಮ್ಮ ಹೊಣೆ.