ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು

(ಲಿಂಗಸುಗೂರು, ಸಿಂಧನೂರು, ಮಸ್ಕಿ ತಾಲ್ಲೂಕುಗಳ ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಎದುರು ಲಿಂಗಸುಗೂರಿನಲ್ಲಿ ಮಾಡಿದ ಭಾಷಣ)



ದೇಶದ ಭದ್ರತೆ ಎಂದ ಕೂಡಲೆ ನಮ್ಮ ಕಣ್ಣು ಹಿಮಾಲಯದ ಕಡೆಗೆ ಹೊರಳುತ್ತದೆ. ಸಿಂಧನೂರಿನ ಭತ್ತದ ಗದ್ದೆಗೂ ಆ ಮಾತಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ರಕ್ಷಣೆಯ ವ್ಯವಸ್ಥೆಯನ್ನು ಸರಿಪಡಿಸುವ ಕೆಲಸವನ್ನು ಆಳುವವರು ತಮ್ಮ ಅನುಕೂಲಕ್ಕಾಗಿ ಮುಂದೂಡಿದರೆ ಬೆಲೆ ತೆರುವವರು ಯಾರು ಎಂಬುದನ್ನು ಈ ನೆಲ 170 ವರ್ಷಗಳ ಹಿಂದೆಯೇ ಕಂಡಿದೆ. ಅಂದು ಒತ್ತೆಗೆ ಬಿದ್ದದ್ದು ಈ ನೆಲವೇ.

ಕೃಷ್ಣೆ ತುಂಗಭದ್ರೆಗಳ ನಡುವಣ ನಮ್ಮ ಎಡೆದೊರೆ ನಾಡಿಗಾಗಿ ವಿಜಯನಗರದವರೂ ಬಹಮನಿಗಳೂ ಮತ್ತೆ ಮತ್ತೆ ಕಾದಾಡಿದರು. ಮುದಗಲ್ಲಿನ ಕೋಟೆ ಅದಕ್ಕೆ ಇಂದಿಗೂ ಸಾಕ್ಷಿ. ಆದರೆ 1853ರಲ್ಲಿ ಈ ನಾಡು ಕೈಬದಲಾದದ್ದು ಯುದ್ಧದಿಂದಲ್ಲ, ಸಾಲದಿಂದ.

ಆಗ ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯವಿತ್ತು. ಅದರ ಒಂದು ಛಾವಣಿ ಇದೇ ಲಿಂಗಸುಗೂರಿನಲ್ಲಿತ್ತು. ಸಂಬಳ ಕೊಡಬೇಕಾದದ್ದು ನಿಜಾಮರ ಖಜಾನೆ, ಹುಕುಂ ನಡೆಯುತ್ತಿದ್ದದ್ದು ಬ್ರಿಟಿಷರದು. ಹೇರಿದ ಸೈನ್ಯ, ದುಬಾರಿ ಸೈನ್ಯ. ಆ ತಪ್ಪು ಬ್ರಿಟಿಷರದು. ಆದರೆ ಮನೆಯೊಳಗಿನ ತಪ್ಪೂ ಸಣ್ಣದಲ್ಲ. ಸಂಸ್ಥಾನದ ಕಂದಾಯವನ್ನು ಗುತ್ತಿಗೆಗೆ ಕೊಡುತ್ತಿದ್ದರು. ಗುತ್ತಿಗೆದಾರ ರೈತನನ್ನು ಹಿಂಡುತ್ತಿದ್ದ, ಖಜಾನೆಗೆ ಬರುತ್ತಿದ್ದದ್ದು ಅಷ್ಟಕ್ಕಷ್ಟೆ. ಗುತ್ತಿಗೆ ತೆಗೆದರೆ ಅದರಿಂದ ಬದುಕಿದ್ದ ಪ್ರಬಲರ ಆದಾಯಕ್ಕೆ ಕುತ್ತು. ಹೀಗಾಗಿ ಎಲ್ಲರಿಗೂ ರೋಗ ಗೊತ್ತಿತ್ತು, ಮದ್ದು ಯಾರಿಗೂ ಬೇಡವಾಗಿತ್ತು. 1843ರಲ್ಲಿ ದಿವಾನ ಚಂದೂಲಾಲ್ ಹೊರಟುಹೋದ ಮೇಲೆ ಹತ್ತು ವರ್ಷ ದಿವಾನರು ಬದಲಾದರೇ ಹೊರತು ಪದ್ಧತಿ ಬದಲಾಗಲಿಲ್ಲ. ಸೈನಿಕರ ಸಂಬಳದ ಬಾಕಿ ಬೆಳೆಯಿತು. 1853ರ ಮೇ ತಿಂಗಳ ಒಪ್ಪಂದದಲ್ಲಿ ಆ ಲೆಕ್ಕಕ್ಕಾಗಿ ಬೀರಾರ್, ಧಾರಾಶಿವ ಮತ್ತು ನಮ್ಮ ರಾಯಚೂರು ದೋಆಬ್ ಕಂಪನಿಯ ಆಡಳಿತಕ್ಕೆ ಹೋದವು.

ಅದೇ ವರ್ಷ ದಿವಾನರಾದ ಸಾಲಾರ್ ಜಂಗ್ ಗುತ್ತಿಗೆ ಪದ್ಧತಿಯನ್ನು ಕಿತ್ತುಹಾಕಿ, ಸಂಬಳದ ಅಧಿಕಾರಿಗಳನ್ನು ನೇಮಿಸತೊಡಗಿದರು. ಮಾಡಬಹುದಾದ ಕೆಲಸವೇ ಆಗಿತ್ತು ಎಂದಾಯಿತು! ಆದರೆ ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. 1857ರಲ್ಲಿ ನಿಜಾಮರು ಬ್ರಿಟಿಷರ ಪಕ್ಷದಲ್ಲಿ ನಿಂತದ್ದರಿಂದ 1860ರಲ್ಲಿ ದೋಆಬೂ ಧಾರಾಶಿವವೂ ಹಿಂದಕ್ಕೆ ಬಂದವು. ಬೀರಾರಿನ ಆಡಳಿತ ಮಾತ್ರ ಮರಳಿ ಬರಲೇ ಇಲ್ಲ.

ಅಂದು ದರ್ಬಾರು, ಇಂದು ಶಾಸನಸಭೆ. ನಾವೇ ಆರಿಸಿ ಕಳಿಸಿದವರು ಅಲ್ಲಿದ್ದಾರೆ. ಚಾಳಿ ಬದಲಾಗಿದೆಯೆ?

1999ರ ಕಾರ್ಗಿಲ್ ಯುದ್ಧದ ನಂತರ ಕೆ. ಸುಬ್ರಹ್ಮಣ್ಯಂ ಸಮಿತಿ ನಮ್ಮ ಲೋಪಗಳನ್ನು ಪರಿಶೀಲಿಸಿತು. ಮೂರೂ ಸೇನೆಗಳ ಪರವಾಗಿ ಸರ್ಕಾರಕ್ಕೆ ಸಲಹೆ ಕೊಡಲು ಒಬ್ಬ ರಕ್ಷಣಾ ಪಡೆಗಳ ಮುಖ್ಯಸ್ಥ ಬೇಕೆಂದು 2001ರಲ್ಲಿ ಮಂತ್ರಿಗಳ ಗುಂಪು ಶಿಫಾರಸು ಮಾಡಿತು. ರಾಜಕೀಯ ಪಕ್ಷಗಳ ಅಭಿಪ್ರಾಯ ಕೇಳಬೇಕು ಎಂಬ ಕಾರಣಕ್ಕೆ ಅದು ನಿಂತಿತು. ಸೇನೆಯೊಳಗೂ ಭಿನ್ನಾಭಿಪ್ರಾಯವಿತ್ತು, ನಿಜ. ಆದರೂ ಸರ್ಕಾರಗಳು ಬದಲಾಗಿ, ಮೊದಲ ಮುಖ್ಯಸ್ಥರಾಗಿ ಜನರಲ್ ಬಿಪಿನ್ ರಾವತ್ ಅಧಿಕಾರ ವಹಿಸಿಕೊಂಡದ್ದು 2020ರ ಜನವರಿ 1ರಂದು.

ನಮಗೆ ಇನ್ನೂ ಹತ್ತಿರದ್ದು ಪೊಲೀಸ್ ಠಾಣೆಯ ಕಥೆ. ದೇಶದ ಒಳಭದ್ರತೆ ಶುರುವಾಗುವುದು ಠಾಣೆಯಿಂದ. ಊರಿಗೆ ಹೊಸಬರು ಯಾರು ಬಂದರು, ಜಾತ್ರೆಯಲ್ಲಿ ಯಾವ ಗುಂಪಿನ ನಡುವೆ ಬಿಸಿ ಇದೆ ಎಂಬುದು ದೆಹಲಿಗಿಂತ ಮೊದಲು ಠಾಣೆಗೆ ತಿಳಿಯಬೇಕು. ಸಬ್ ಇನ್ಸ್‌ಪೆಕ್ಟರ್ ಹಳ್ಳಿಗಳ ಮುಖಪರಿಚಯ ಮಾಡಿಕೊಳ್ಳುವಷ್ಟರಲ್ಲಿ ಯಾರದೋ ಶಿಫಾರಸು ಪತ್ರದ ಮೇಲೆ ವರ್ಗವಾಗಿ ಹೋದರೆ ಇದು ತಿಳಿಯುವುದು ಹೇಗೆ?

ಇದಕ್ಕೂ ಮದ್ದು ಬರೆದಿಟ್ಟು ದಶಕಗಳಾದವು. ತುರ್ತುಪರಿಸ್ಥಿತಿಯ ಅನುಭವದ ನಂತರ 1977ರಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ ನೇಮಕವಾಯಿತು. ಅಧ್ಯಕ್ಷರು, ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಧರ್ಮವೀರ. 1979ರಿಂದ 1981ರವರೆಗೆ ಎಂಟು ವರದಿ ಕೊಟ್ಟರು. ವರದಿಗಳು ಕಪಾಟು ಸೇರಿದವು. ನಿವೃತ್ತ ಪೊಲೀಸ್ ಮಹಾನಿರ್ದೇಶಕ ಪ್ರಕಾಶ್ ಸಿಂಗ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2006ರ ಸೆಪ್ಟೆಂಬರ್ 22ರಂದು ಕೋರ್ಟು ಏಳು ನಿರ್ದೇಶನ ಕೊಟ್ಟಿತು: ಆಯಕಟ್ಟಿನ ಅಧಿಕಾರಿಗಳಿಗೆ ಕನಿಷ್ಠ ಎರಡು ವರ್ಷದ ಅವಧಿ, ವರ್ಗಾವಣೆಗೆ ಮಂಡಳಿ, ದೂರು ಪ್ರಾಧಿಕಾರ, ತನಿಖೆ ಬೇರೆ ಬಂದೋಬಸ್ತು ಬೇರೆ, ರಾಜ್ಯ ಭದ್ರತಾ ಆಯೋಗ, ಕೇಂದ್ರದಲ್ಲಿ ರಾಷ್ಟ್ರೀಯ ಭದ್ರತಾ ಆಯೋಗ, ಹೀಗೆ. ಕರ್ನಾಟಕ ತನ್ನ 1963ರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದದ್ದು 2012ರಲ್ಲಿ. ಅಧಿಕಾರಿಯ ಅವಧಿ ಒಂದು ವರ್ಷವೋ ಎರಡೋ ಎಂಬ ಜಗ್ಗಾಟ ಅದರಾಚೆಗೂ ನಡೆಯಿತು.

ಯಾಕಿಷ್ಟು ತಡ? ವಿರೋಧ ಪಕ್ಷದಲ್ಲಿದ್ದಾಗ ಠಾಣೆ ಸ್ವತಂತ್ರವಾಗಿರಬೇಕು ಎನ್ನಿಸುತ್ತದೆ. ಅಧಿಕಾರ ಬಂದೊಡನೆ ಠಾಣೆ ಕೈಯಳತೆಯಲ್ಲಿರಲಿ ಎನ್ನಿಸುತ್ತದೆ. ವರ್ಗಾವಣೆಯ ಲಗಾಮು ಬಿಟ್ಟುಕೊಡಲು ಯಾವ ಪಕ್ಷಕ್ಕೂ ಮನಸ್ಸಿಲ್ಲ. ನಿಜಾಮರ ಕಾಲದ ಗುತ್ತಿಗೆಯಂತೆಯೇ ಇದು.

ಹಾಗೆಂದು ತಡವೆಲ್ಲ ತಪ್ಪಲ್ಲ. 2012ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಭಯೋತ್ಪಾದನಾ ನಿಗ್ರಹ ಕೇಂದ್ರ ತೆರೆಯಹೊರಟಾಗ ಹಲವು ಮುಖ್ಯಮಂತ್ರಿಗಳು ಅಡ್ಡಬಂದರು. ಪೊಲೀಸು ರಾಜ್ಯದ ವಿಷಯ, ಬೇಹುಗಾರಿಕೆ ಸಂಸ್ಥೆಗೆ ಬಂಧಿಸುವ ಅಧಿಕಾರ ಬೇಡ ಎಂಬ ಅವರ ವಾದದಲ್ಲಿ ಹುರುಳಿತ್ತು. ಭದ್ರತೆಯ ಹೆಸರಿನಲ್ಲಿ ತಂದದ್ದಕ್ಕೆಲ್ಲ ತಲೆಯಾಡಿಸಬೇಕೆಂದು ನಾನು ಹೇಳುತ್ತಿಲ್ಲ. ಪರಿಶೀಲನೆಗಾಗಿ ತಡಮಾಡುವವನು ಕಾರಣ ಹೇಳುತ್ತಾನೆ, ಗಡುವು ಹೇಳುತ್ತಾನೆ. ಅನುಕೂಲಕ್ಕಾಗಿ ತಡಮಾಡುವವನು ಎರಡನ್ನೂ ಹೇಳುವುದಿಲ್ಲ. ವ್ಯತ್ಯಾಸ ಇಷ್ಟೇ.

ಕೊನೆಗೆ ಒಂದು ಮಾತು. 1915ರಲ್ಲಿ ಮಸ್ಕಿಯ ಬಂಡೆಶಾಸನ ಬೆಳಕಿಗೆ ಬಂದಾಗ ಅದು ಇಡೀ ದೇಶದ ಗಮನ ಸೆಳೆಯಿತು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬಂಥ ಬಿರುದುಗಳಿದ್ದವು. ಆಜ್ಞೆ ಯಾರದೆಂಬುದನ್ನು ವಿದ್ವಾಂಸರು ಬೇರೆ ಆಧಾರಗಳಿಂದ ಊಹಿಸಬೇಕಾಗಿತ್ತು. ಮಸ್ಕಿಯ ಬಂಡೆಯ ಮೇಲೆ ಅಶೋಕ ಎಂಬ ಹೆಸರೇ ಇತ್ತು. ಮುಂದೂಡಿಕೆ ಎಂಬ ಆಜ್ಞೆಗೆ ಮಾತ್ರ ಹೆಸರಿರುವುದಿಲ್ಲ. ಅದಕ್ಕೆ ಯಾರೂ ಸಹಿ ಹಾಕುವುದಿಲ್ಲ. ಕಡತ ಸುಮ್ಮನೆ ಕೂತಿರುತ್ತದೆ. ಆದ್ದರಿಂದ ನಿಮ್ಮ ಶಾಸಕರು, ಸಂಸದರು ಊರಿಗೆ ಬಂದಾಗ ರಸ್ತೆ, ನೀರು ಕೇಳುವುದರ ಜೊತೆಗೆ ಇದನ್ನೂ ಕೇಳಿ: ಈ ಕೆಲಸ ಯಾರಿಂದ ನಿಂತಿದೆ, ಯಾವ ಕಾರಣಕ್ಕೆ, ಎಂದಿನವರೆಗೆ? ಒಮ್ಮೆ ಒತ್ತೆಬಿದ್ದ ನೆಲದ ಮಕ್ಕಳಿಗೆ ಇದನ್ನು ಕೇಳುವ ಹಕ್ಕು ಉಳಿದವರಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚೇ ಇದೆ.