ಒಂದು ಹಿಡಿ ರಾಗಿಯೊಳಗೆ



ಮನೆಯ ಡಬ್ಬಿಯಿಂದ ಒಂದು ಹಿಡಿ ರಾಗಿ ತೆಗೆದು ಬಿಳಿಯ ಕಾಗದದ ಮೇಲೆ ಹರಡಿ ನೋಡಿ. ಕಾಳುಗಳೆಲ್ಲ ಒಂದೇ ಬಗೆಯಾಗಿ ಕಾಣುತ್ತವೆ, ಅಲ್ಲವೇ? ನಮ್ಮ ಕ್ಯಾಮೆರಾದ ಕಣ್ಣಿಗೂ ಹಾಗೆಯೇ. ಆದರೆ ಬರ ಬಂದಾಗ, ರೋಗ ತಗುಲಿದಾಗ, ಒಂದು ರಾಗಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಹೊಲದಲ್ಲಿ ಬಯಲಾಗುತ್ತದೆ.

ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡುಗಳು. ಸಾವಿರಾರು ವರ್ಷಗಳ ಹಿಂದೆ ಭಾರತಕ್ಕೆ ಬಂದ ಈ ಬೆಳೆ ನಮ್ಮ ಕೆಂಪು ಮಣ್ಣಿಗೆ ಒಗ್ಗಿಕೊಂಡಿತು. ಇದನ್ನು ಸಾಧಿಸಿದವರು, ಪ್ರತಿವರ್ಷ ಒಳ್ಳೆಯ ತೆನೆ ಆರಿಸಿ ಬಿತ್ತನೆಗೆ ಎತ್ತಿಟ್ಟ ರೈತರು. ಒಂದೂರಿನವರು ಬೇಗ ಕೊಯ್ಲಿಗೆ ಬರುವುದನ್ನು ಆರಿಸಿದರು. ಇನ್ನೊಂದೂರಿನವರು ದನಗಳಿಗೆ ಹೆಚ್ಚು ಹುಲ್ಲು ಕೊಡುವುದನ್ನು. ಹುಲ್ಲುಬಿಳಿಯ, ರುದ್ರಜಡೆ, ಹಸಿರುಕಂಬಿ ಮುಂತಾದ ತಳಿಗಳು ಹುಟ್ಟಿದ್ದು ಹೀಗೆ. ಮುಂಗಾರು ಸಕಾಲಕ್ಕೆ ಬಂದರೆ ಸುಮಾರು 120 ದಿನಗಳ ತಳಿ, ತಡವಾದರೆ 100 ದಿನಗಳದ್ದು. ತಳಿಗಳು ಹಲವಿದ್ದರೆ ಮಾತ್ರ ಈ ಆಯ್ಕೆ ಸಾಧ್ಯ. ವಿಜ್ಞಾನ ಇದನ್ನೇ ಆನುವಂಶಿಕ ವೈವಿಧ್ಯ ಎನ್ನುತ್ತದೆ.

ಈ ವೈವಿಧ್ಯದ ಬೆಲೆಯನ್ನು ಮಂಡ್ಯದ ವಿ. ಸಿ. ಫಾರಂ ತೋರಿಸಿಕೊಟ್ಟಿತು. ರಾಗಿಯ ಹೂವು ಬಹಳ ಸಣ್ಣದು; ತನ್ನ ಪರಾಗವನ್ನೇ ತಾನು ಪಡೆಯುವಂಥದ್ದು. ಅದನ್ನು ಸಂಕರಗೊಳಿಸುವುದು ಅತಿ ನಾಜೂಕಿನ ಕೆಲಸ. ರೈತರು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದ ವಿಜ್ಞಾನಿ ಅಲ್ಲಿ ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿದರು. ಆಫ್ರಿಕದ್ದು ದಪ್ಪ ತೆನೆಯದು, ಆದರೆ ನಿಧಾನವಾಗಿ ಮಾಗುವಂಥದ್ದು. ನಮ್ಮದು ಬೇಗ ಮಾಗುವಂಥದ್ದು. ಇಂಡಿಯಾ, ಆಫ್ರಿಕ ಎರಡೂ ಹೆಸರು ಸೇರಿ ‘ಇಂಡಾಫ್’ ಆಯಿತು. 1970ರ ದಶಕದಲ್ಲಿ ಈ ತಳಿಗಳು ಹೊಲಗಳಿಗೆ ಇಳಿದವು, ಇಳುವರಿ ಏರಿತು. ಮುಂದೆ 1990ರ ದಶಕದಲ್ಲಿ ಬಂದ, ಬೆಂಕಿರೋಗವನ್ನು ತಡೆಯುವ ಜಿಪಿಯು-28 ತಳಿಯ ವಂಶದಲ್ಲೂ ಆಫ್ರಿಕದ ಪಾಲಿದೆ.

ಆದರೆ ಇಲ್ಲೊಂದು ಅಪಾಯವಿದೆ. ಒಳ್ಳೆಯ ತಳಿ ಬಂದೊಡನೆ ಊರೆಲ್ಲ ಅದನ್ನೇ ಬಿತ್ತುತ್ತದೆ, ಹಳೆಯವು ಮರೆಯಾಗುತ್ತವೆ. ಬೆಂಕಿರೋಗದ ಶಿಲೀಂಧ್ರವೂ ಸುಮ್ಮನಿರದು, ಅದೂ ಬದಲಾಗುತ್ತದೆ. ನಾಳೆ ಅದು ಗೆದ್ದರೆ ಉತ್ತರವನ್ನು ಎಲ್ಲಿ ಹುಡುಕುವುದು? ಹೈದರಾಬಾದಿನ ಬಳಿ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್‌ನ ಬೀಜ ಭಂಡಾರದಲ್ಲಿ ಸಾವಿರಾರು ರಾಗಿ ಮಾದರಿಗಳನ್ನು ತಣ್ಣಗೆ ಕಾಪಾಡಿದ್ದಾರೆ. ಅದು ದೊಡ್ಡ ಆಸರೆ, ನಿಜ. ಆದರೆ ಭಂಡಾರದ ಬೀಜ ನಿದ್ರಿಸುತ್ತಿರುತ್ತದೆ. ಬಿಸಿಲು, ಮಳೆ, ರೋಗಗಳಿಂದ ಪಾಠ ಕಲಿಯುವುದು ಹೊಲದ ಬೀಜ ಮಾತ್ರ.

ರಜೆಗೆ ಊರಿಗೆ ಹೋದಾಗ ನಿಮ್ಮ ಅಜ್ಜಿಯನ್ನೋ ತಾತನನ್ನೋ ಕೇಳಿ: ಅವರ ಕಾಲದಲ್ಲಿ ಯಾವ ಯಾವ ರಾಗಿ ಇತ್ತು? ಹೆಸರು, ಗುಣ, ಬಿತ್ತುವ ಕಾಲ ಬರೆದುಕೊಳ್ಳಿ. ಯಾರ ಮನೆಯಲ್ಲಾದರೂ ಒಂದು ಹಿಡಿ ಬೀಜ ಉಳಿದಿದ್ದರೆ, ಹೊಲದ ಅಂಚಿನಲ್ಲಿ ಒಂದೇ ಒಂದು ಸಾಲು ಬಿತ್ತಿಸಿ.